ಹತ್ತು ಸಾವಿರ ಟನ್ನಿನ ಲೆಕ್ಕ

ಒಂದು ಹಡಗಿನ ತೂಕವನ್ನು ಕಂಡುಹಿಡಿಯುವುದು ಹೇಗೆ? ಆರ್ಕಿಮಿಡೀಸ್ ತತ್ತ್ವ ಓದಿರುವ ಪ್ರೌಢಶಾಲೆಯ ವಿದ್ಯಾರ್ಥಿಯೂ ಇದಕ್ಕೆ ಉತ್ತರ ಹೇಳಬಲ್ಲ. ತೇಲುವ ಹಡಗು ತನ್ನ ತೂಕದಷ್ಟೇ ನೀರನ್ನು ಪಲ್ಲಟಗೊಳಿಸುತ್ತದೆ. ಹಡಗು ಎಷ್ಟು ಆಳ ಮುಳುಗಿದೆ ಎಂದು ನೋಡಿ, ಮುಳುಗಿದ ಭಾಗದ ಗಾತ್ರವನ್ನು ಲೆಕ್ಕ ಹಾಕಿದರೆ ಸಾಕು, ತೂಕ ಸಿಗುತ್ತದೆ. ಸಮುದ್ರವೇ ತಕ್ಕಡಿ.

ಈಗ ಪ್ರಶ್ನೆಯನ್ನು ಸ್ವಲ್ಪ ಬದಲಿಸೋಣ. ಹಡಗನ್ನು ಇನ್ನೂ ಕಟ್ಟಿಲ್ಲ. ಕಾಗದದ ಮೇಲೆ ಕೆಲವು ಗೆರೆಗಳಷ್ಟೇ ಇವೆ. ಕಟ್ಟಿ ಮುಗಿದಾಗ ಅದರ ತೂಕ 10,000 ಟನ್ ಮೀರಬಾರದು. ಮೀರಿದರೆ ದೇಶವು ಅಂತಾರಾಷ್ಟ್ರೀಯ ಒಪ್ಪಂದವನ್ನು ಮುರಿದಂತೆ. ಹಾಗೆಂದು ತೂಕ ತುಂಬಾ ಕಡಿಮೆಯಾದರೂ ನಷ್ಟವೇ, ಏಕೆಂದರೆ ಎದುರಾಳಿಯ ಹಡಗು ಪೂರ್ತಿ 10,000 ಟನ್ ಇರುತ್ತದೆ. ಈಗ ತೂಕವನ್ನು ಮೊದಲೇ ಹೇಳುವುದು ಹೇಗೆ?

1922ರ ನಂತರ ಅಮೆರಿಕದ ನೌಕಾ ಎಂಜಿನಿಯರುಗಳ ಮುಂದೆ ಬಂದದ್ದು ಇದೇ ಸಮಸ್ಯೆ. ಯುದ್ಧನೌಕೆಯ ಚರಿತ್ರೆಗೂ ವಿಜ್ಞಾನದ ವಿದ್ಯಾರ್ಥಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಉತ್ತರದ ಪಕ್ಕ ನಾವು ± ಚಿಹ್ನೆ ಹಾಕಿ ಒಂದು ಸಣ್ಣ ಸಂಖ್ಯೆ ಬರೆಯುತ್ತೇವಲ್ಲ, ಆ ಸಂಖ್ಯೆ ನಿಜ ಜೀವನದಲ್ಲಿ ಎಷ್ಟು ಬೆಲೆ ಬಾಳುತ್ತದೆ ಎಂಬುದನ್ನು ಈ ಕಥೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ಕಡಿಮೆ.

ಸ್ಪರ್ಧೆಗೆ ಕಡಿವಾಣ

ಮೊದಲನೆಯ ಮಹಾಯುದ್ಧ 1918ರಲ್ಲಿ ಮುಗಿದರೂ ಹಡಗು ಕಟ್ಟುವ ಪೈಪೋಟಿ ಮುಗಿಯಲಿಲ್ಲ. ಅಮೆರಿಕ, ಬ್ರಿಟನ್, ಜಪಾನ್ ಮೂರೂ ಹಿಂದೆಂದೂ ಇಲ್ಲದ ದೊಡ್ಡ ಸಮರನೌಕೆಗಳ ಯೋಜನೆ ಹಾಕಿಕೊಂಡಿದ್ದವು. ಯುದ್ಧದಲ್ಲಿ ಬಸವಳಿದ ಖಜಾನೆಗಳಿಗೆ ಇದು ಹೊರಲಾರದ ಹೊರೆ. ಆದ್ದರಿಂದ 1921ರ ನವೆಂಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಸಮ್ಮೇಳನ ಸೇರಿತು. 1922ರ ಫೆಬ್ರವರಿ 6ರಂದು ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್ ಮತ್ತು ಇಟಲಿ ಒಪ್ಪಂದಕ್ಕೆ ಸಹಿ ಹಾಕಿದವು.

ದೊಡ್ಡ ಸಮರನೌಕೆಗಳ ಒಟ್ಟು ತೂಕಕ್ಕೆ ಒಪ್ಪಂದ ಮಿತಿ ಹಾಕಿತು. ಅಮೆರಿಕ ಮತ್ತು ಬ್ರಿಟನ್‌ಗೆ ತಲಾ 5,25,000 ಟನ್, ಜಪಾನಿಗೆ 3,15,000 ಟನ್, ಫ್ರಾನ್ಸ್ ಮತ್ತು ಇಟಲಿಗೆ ತಲಾ 1,75,000 ಟನ್. ಆದರೆ ಕ್ರೂಸರ್‌ಗಳ ವಿಷಯದಲ್ಲಿ ಒಟ್ಟು ಮಿತಿ ಇರಲಿಲ್ಲ. ಒಂದೊಂದು ಹಡಗಿಗೆ ಮಾತ್ರ ಎರಡು ನಿಬಂಧನೆಗಳು: ತೂಕ 10,000 ಟನ್ ಮೀರಬಾರದು, ಫಿರಂಗಿಯ ಬಾಯಿಯ ವ್ಯಾಸ 8 ಅಂಗುಲ ಮೀರಬಾರದು.

ಕ್ರೂಸರ್ ಎಂದರೆ ದೈತ್ಯ ಸಮರನೌಕೆಗೂ ಚಿಕ್ಕ ಡೆಸ್ಟ್ರಾಯರ್‌ಗೂ ನಡುವಣ ಹಡಗು. ಶತ್ರುವಿನ ಸುಳಿವು ಹುಡುಕುವುದು, ವ್ಯಾಪಾರದ ಹಡಗುಗಳನ್ನು ಕಾಯುವುದು, ದೂರದ ಸಮುದ್ರದಲ್ಲಿ ಒಂಟಿಯಾಗಿ ತಿರುಗುವುದು ಇದರ ಕೆಲಸ. ಬ್ರಿಟನ್‌ನ ಬಳಿ ಆಗಲೇ ಹೆಚ್ಚುಕಡಿಮೆ ಇಷ್ಟೇ ತೂಕದ, 7.5 ಅಂಗುಲ ಫಿರಂಗಿಯ ಹಾಕಿನ್ಸ್ ವರ್ಗದ ಹಡಗುಗಳಿದ್ದವು. ಅವನ್ನು ಗುಜರಿಗೆ ಹಾಕಲು ಅದಕ್ಕೆ ಮನಸ್ಸಿರಲಿಲ್ಲ. ಅಮೆರಿಕಕ್ಕೆ ಪೆಸಿಫಿಕ್ ಸಾಗರವನ್ನು ದಾಟಬಲ್ಲ ದೊಡ್ಡ ಕ್ರೂಸರ್ ಬೇಕಿತ್ತು. ಹೀಗಾಗಿ ಮಿತಿ ಇಷ್ಟು ಎತ್ತರದಲ್ಲಿ ನಿಂತಿತು. ಇದರ ಪರಿಣಾಮ ವಿಚಿತ್ರವಾಯಿತು. ಗರಿಷ್ಠ ಎಂದು ಬರೆದ ಸಂಖ್ಯೆಯನ್ನೇ ಎಲ್ಲ ದೇಶಗಳೂ ಗುರಿಯಾಗಿ ಹಿಡಿದವು. 9,000 ಟನ್ನಿನ ಹಡಗು ಕಟ್ಟಿ ಎದುರಾಳಿಯ 10,000 ಟನ್ನಿನ ಹಡಗಿನ ಎದುರು ನಿಲ್ಲಲು ಯಾರಿಗೂ ಇಷ್ಟವಿರಲಿಲ್ಲ.

ಯಾವ ಟನ್?

ಭೌತವಿಜ್ಞಾನದಲ್ಲಿ ಒಂದು ರಾಶಿಯನ್ನು ಅಳೆಯುವ ಮೊದಲು ಅದನ್ನು ವ್ಯಾಖ್ಯಾನಿಸಬೇಕು. ಒಪ್ಪಂದವೂ ಇದನ್ನೇ ಮಾಡಿತು. ಇಲ್ಲಿನ ಟನ್ 2,240 ಪೌಂಡಿನದು, ಅಂದರೆ 1,016 ಕಿಲೋಗ್ರಾಂ. ಹಡಗಿನ ತೂಕವೆಂದರೆ ಯಂತ್ರ, ಶಸ್ತ್ರ, ಮದ್ದುಗುಂಡು, ಸಿಬ್ಬಂದಿ, ಅವರ ಆಹಾರ, ಕುಡಿಯುವ ನೀರು ಎಲ್ಲವೂ ಸೇರಿ, ಸಮುದ್ರಕ್ಕೆ ಹೊರಡಲು ಸಿದ್ಧವಾದ ಸ್ಥಿತಿಯ ತೂಕ. ಆದರೆ ಇಂಧನ ಮತ್ತು ಬಾಯ್ಲರಿನ ಮೀಸಲು ನೀರು ಲೆಕ್ಕಕ್ಕಿಲ್ಲ. ಇದಕ್ಕೆ ‘ಪ್ರಮಾಣಿತ ತೂಕ’ ಎಂದು ಹೆಸರು.

10,000 ಟನ್ ಎಂದರೆ 1,01,60,000 ಕಿ.ಗ್ರಾಂ. ಸಮುದ್ರದ ನೀರಿನ ಸಾಂದ್ರತೆ ಘನಮೀಟರಿಗೆ 1,025 ಕಿ.ಗ್ರಾಂ. ಭಾಗಿಸಿ ನೋಡಿ. ಹಡಗಿನ ಮುಳುಗಿದ ಭಾಗದ ಗಾತ್ರ ಸುಮಾರು 9,900 ಘನಮೀಟರ್ ಬರುತ್ತದೆ. ವಿನ್ಯಾಸಕನಿಗೆ ಸಿಕ್ಕ ಜಾಗ ಇಷ್ಟೇ.

ಇಂಧನವನ್ನು ಲೆಕ್ಕದಿಂದ ಬಿಟ್ಟದ್ದು ದೂರದ ಪಯಣ ಮಾಡಬೇಕಾದ ದೇಶಗಳಿಗೆ ಅನುಕೂಲವಾಯಿತು. ಅಮೆರಿಕಕ್ಕೆ ಅದರ ಅಗತ್ಯವೂ ಇತ್ತು. ಫಿಲಿಪೀನ್ಸ್, ಗುವಾಮ್ ಮೊದಲಾದ ಕಡೆ ನೌಕಾನೆಲೆಗಳನ್ನು ಹೊಸದಾಗಿ ಬಲಪಡಿಸುವಂತಿಲ್ಲ ಎಂದು ಅದೇ ಒಪ್ಪಂದ ಹೇಳಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಮನಿಲಾ 6,000 ನಾಟಿಕಲ್ ಮೈಲಿಗಿಂತಲೂ ದೂರ. ಆದ್ದರಿಂದ 15 ನಾಟ್ ವೇಗದಲ್ಲಿ 10,000 ನಾಟಿಕಲ್ ಮೈಲಿ ಕ್ರಮಿಸಬಲ್ಲ ಹಡಗು ಬೇಕಾಯಿತು. ತೈಲದ ತೂಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಅದನ್ನು ತುಂಬುವ ತೊಟ್ಟಿಗಳ ಉಕ್ಕು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿ.

‘ವಸಂತದ ಶೈಲಿಗಳು’

ಅಮೆರಿಕದ ನೌಕಾಪಡೆಯಲ್ಲಿ ಹಡಗಿಗೆ ಏನು ಬೇಕು ಎಂದು ಹೇಳುತ್ತಿದ್ದುದು ಹಿರಿಯ ಅಧಿಕಾರಿಗಳ ‘ಜನರಲ್ ಬೋರ್ಡ್’. ಅದು ಸಾಧ್ಯವೇ ಎಂದು ಲೆಕ್ಕ ಹಾಕುತ್ತಿದ್ದುದು ನಿರ್ಮಾಣ ಮತ್ತು ದುರಸ್ತಿ ಬ್ಯೂರೋ. ಯಂತ್ರಗಳಿಗೆ ಒಂದು ಬ್ಯೂರೋ, ಫಿರಂಗಿಗಳಿಗೆ ಇನ್ನೊಂದು. ಬೋರ್ಡು ಕೇಳಿದ ಪ್ರತಿ ಬೇಡಿಕೆಗೂ ಬ್ಯೂರೋದ ಎಂಜಿನಿಯರುಗಳು ಒಂದು ಹಾಳೆಯ ಕರಡು ತಯಾರಿಸುತ್ತಿದ್ದರು. ಅದರಲ್ಲಿ ಹಡಗಿನ ಪಕ್ಕದ ನೋಟ, ಮೇಲಿನ ನೋಟ, ಜೊತೆಗೆ ಉದ್ದ, ತೂಕ, ವೇಗ, ಫಿರಂಗಿ, ಕವಚಗಳ ಒಂದು ಪಟ್ಟಿ. ಬಟ್ಟೆ ಅಂಗಡಿಗಳು ಋತುವಿಗೊಮ್ಮೆ ಹೊರತರುವ ಹೊಸ ಉಡುಪುಗಳ ಚಿತ್ರಪುಸ್ತಕವನ್ನು ನೆನೆದು ಯಾರೋ ಈ ಕಡತಕ್ಕೆ ತಮಾಷೆಗೆ ‘ವಸಂತದ ಶೈಲಿಗಳು’ ಎಂದು ಹೆಸರಿಟ್ಟರು. 1911ರಿಂದ 1925ರವರೆಗಿನ ಇಂಥ ಹಾಳೆಗಳ ಒಂದು ಸಂಪುಟ ಅಮೆರಿಕದ ನೌಕಾ ಇತಿಹಾಸ ಸಂಗ್ರಹದಲ್ಲಿ ಉಳಿದಿದೆ.

ಇವುಗಳಲ್ಲಿ ಬಹುಪಾಲು ಹಡಗುಗಳು ಎಂದೂ ಕಟ್ಟಲ್ಪಡಲಿಲ್ಲ. ಆದರೂ ಅವು ವ್ಯರ್ಥವಲ್ಲ. ಪ್ರಯೋಗದಲ್ಲಿ ನಾವು ಒಂದು ಚರಾಂಶವನ್ನು ಬದಲಿಸಿ ಉಳಿದವು ಏನಾಗುತ್ತವೆ ಎಂದು ನೋಡುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ. ವೇಗ ಹೆಚ್ಚಿಸಿದರೆ ಕವಚ ಎಷ್ಟು ತೆಳ್ಳಗಾಗುತ್ತದೆ? ಎರಡು ಫಿರಂಗಿ ಬಿಟ್ಟರೆ ಏನು ಸಿಗುತ್ತದೆ? ಒಟ್ಟು ಮೊತ್ತ ಸ್ಥಿರ, ಆದ್ದರಿಂದ ಒಂದನ್ನು ಕೊಳ್ಳಲು ಇನ್ನೊಂದನ್ನು ಮಾರಲೇಬೇಕು. ಈ ಮಾರಾಟದ ದರಗಳನ್ನು ನಿಗದಿ ಮಾಡುವುದು ಭೌತವಿಜ್ಞಾನ. ಎರಡನ್ನು ಮಾತ್ರ ನೋಡೋಣ.

ವೇಗದ ದರ

ಹಡಗು ಚಲಿಸುವಾಗ ಅಲೆಗಳನ್ನು ಎಬ್ಬಿಸುತ್ತದೆ. ಆ ಅಲೆಗಳೂ ಹಡಗಿನ ವೇಗದಲ್ಲೇ ಸಾಗುತ್ತವೆ. ಆಳವಾದ ನೀರಿನಲ್ಲಿ ಅಲೆಯ ವೇಗವು ಅದರ ತರಂಗದೂರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಗುರುತ್ವ ವೇಗೋತ್ಕರ್ಷವನ್ನು ತರಂಗದೂರದಿಂದ ಗುಣಿಸಿ, 2π ಇಂದ ಭಾಗಿಸಿ, ವರ್ಗಮೂಲ ತೆಗೆದರೆ ಅಲೆಯ ವೇಗ ಸಿಗುತ್ತದೆ. ವೇಗ ಹೆಚ್ಚಿದಂತೆ ಅಲೆ ಉದ್ದವಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಅಲೆಯ ತರಂಗದೂರ ಹಡಗಿನ ಉದ್ದಕ್ಕೆ ಸಮವಾಗುತ್ತದೆ. ಅಲ್ಲಿಂದ ಮುಂದೆ ಹಡಗು ತಾನೇ ಎಬ್ಬಿಸಿದ ಅಲೆಯ ಏರಿಯನ್ನು ಹತ್ತುತ್ತಿರುವಂತೆ ಆಗುತ್ತದೆ. ಪ್ರತಿರೋಧ ಕಡಿದಾಗಿ ಏರುತ್ತದೆ.

ಅಮೆರಿಕದ ಮೊದಲ ಒಪ್ಪಂದ ಕ್ರೂಸರ್ ‘ಪೆನ್ಸಕೋಲಾ’. ಅದರ ಉದ್ದ ಸುಮಾರು 178 ಮೀಟರ್. ಈ ತರಂಗದೂರದ ಅಲೆಯ ವೇಗ ಲೆಕ್ಕ ಹಾಕಿ. ಸೆಕೆಂಡಿಗೆ 16.7 ಮೀಟರ್ ಬರುತ್ತದೆ, ಅಂದರೆ 32.4 ನಾಟ್. ಪೆನ್ಸಕೋಲಾದ ವಿನ್ಯಾಸ ವೇಗ 32.5 ನಾಟ್! ನೀರಿನ ಮಟ್ಟದಲ್ಲಿ ಹಡಗಿನ ಉದ್ದ ಸ್ವಲ್ಪ ಕಡಿಮೆ, ಹಾಗಾಗಿ ಹೊಂದಿಕೆ ಇಷ್ಟು ನಿಖರವಲ್ಲ. ಆದರೂ ವಿನ್ಯಾಸಕರು ಎಲ್ಲಿ ನಿಂತರು ಎಂಬುದು ಇದರಿಂದ ತಿಳಿಯುತ್ತದೆ.

ಅದಕ್ಕೂ ಹಿಂದಿನ ಒಮಾಹಾ ವರ್ಗದ ಕ್ರೂಸರ್‌ಗಳು ಮಹಾಯುದ್ಧದ ಕಾಲದ ವಿನ್ಯಾಸ. 7,050 ಟನ್ ತೂಕ, 35 ನಾಟ್ ವೇಗ, 90,000 ಅಶ್ವಶಕ್ತಿ. ಟನ್ನಿಗೆ ಸುಮಾರು 12.8 ಅಶ್ವಶಕ್ತಿ ಆಯಿತು. ಪೆನ್ಸಕೋಲಾಕ್ಕೆ 10,000 ಟನ್ ಎಂದು ಹಿಡಿದರೆ 1,07,000 ಅಶ್ವಶಕ್ತಿ, ಟನ್ನಿಗೆ 10.7. ಸ್ಥೂಲವಾಗಿ ಹೇಳುವುದಾದರೆ ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಪೆನ್ಸಕೋಲಾವನ್ನೂ 35 ನಾಟ್ ಓಡಿಸಬೇಕೆಂದರೆ ಸಾಮರ್ಥ್ಯ ಕನಿಷ್ಠ 1.25 ಪಟ್ಟು, ಅಂದರೆ 1,33,000 ಅಶ್ವಶಕ್ತಿಗೂ ಹೆಚ್ಚು ಬೇಕು. ಎರಡೂವರೆ ನಾಟ್ ಬಿಟ್ಟುಕೊಟ್ಟು ಉಳಿಸಿದ ಯಂತ್ರದ ತೂಕ ಬೇರೆಡೆಗೆ ಸಿಕ್ಕಿತು.

ಇಂಥ ಲೆಕ್ಕಗಳನ್ನು ಪರೀಕ್ಷಿಸಲು ವಾಷಿಂಗ್ಟನ್ ನೌಕಾ ಕಾರ್ಯಾಗಾರದಲ್ಲಿ ಉದ್ದನೆಯ ಒಂದು ನೀರಿನ ತೊಟ್ಟಿ ಇತ್ತು. ಡೇವಿಡ್ ಟೇಲರ್ ಎಂಬ ನೌಕಾ ಎಂಜಿನಿಯರ್ 19ನೆಯ ಶತಮಾನದ ಕೊನೆಯಲ್ಲಿ ಅದನ್ನು ರೂಪಿಸಿದ್ದರು. ಹಡಗಿನ ಮಾದರಿಯನ್ನು ಅದರಲ್ಲಿ ಎಳೆದು ಪ್ರತಿರೋಧ ಅಳೆಯುತ್ತಿದ್ದರು. ಮಾದರಿಯನ್ನು ಎಷ್ಟು ವೇಗದಲ್ಲಿ ಎಳೆಯಬೇಕು? ಇಂಗ್ಲೆಂಡಿನ ವಿಲಿಯಂ ಫ್ರೌಡ್ ಇದಕ್ಕೆ ಉತ್ತರ ಕೊಟ್ಟಿದ್ದರು. ಉದ್ದ 29 ಪಟ್ಟು ಚಿಕ್ಕದಾದರೆ ವೇಗವನ್ನು 29ರ ವರ್ಗಮೂಲದಿಂದ, ಅಂದರೆ ಸುಮಾರು 5.4ರಿಂದ ಭಾಗಿಸಬೇಕು. ಆಗ ಆರು ಮೀಟರ್ ಮಾದರಿಯನ್ನು ಸೆಕೆಂಡಿಗೆ 3.1 ಮೀಟರ್ ವೇಗದಲ್ಲಿ ಎಳೆದರೆ ಅದು ಎಬ್ಬಿಸುವ ಅಲೆಗಳು 32.5 ನಾಟ್ ವೇಗದ ನಿಜ ಹಡಗಿನ ಅಲೆಗಳನ್ನೇ ಹೋಲುತ್ತವೆ.

ಫಿರಂಗಿಯ ದರ

6 ಅಂಗುಲ ಫಿರಂಗಿಯ ಗುಂಡಿನ ತೂಕ 105 ಪೌಂಡ್. ವ್ಯಾಸ 8 ಅಂಗುಲವಾದರೆ? ಆಕಾರ ಒಂದೇ ಆಗಿದ್ದರೆ ತೂಕವು ವ್ಯಾಸದ ಘನಕ್ಕೆ ಅನುಪಾತ. ಮೂರನೇ ನಾಲ್ಕರ ಘನ 2.37, ಅಂದರೆ ಸುಮಾರು 249 ಪೌಂಡ್. ನಿಜವಾದ ಗುಂಡು 260 ಪೌಂಡ್ ಇತ್ತು. ಅದು ಸೆಕೆಂಡಿಗೆ ಸುಮಾರು 853 ಮೀಟರ್ ವೇಗದಲ್ಲಿ ಹೊರಬರುತ್ತಿತ್ತು. ಗಾಳಿಯೇ ಇಲ್ಲದಿದ್ದರೆ 41 ಡಿಗ್ರಿ ಕೋನದಲ್ಲಿ ಹಾರಿಸಿದ ಗುಂಡು 73 ಕಿಲೋಮೀಟರ್ ದೂರ ಬೀಳಬೇಕು. ನಿಜವಾಗಿ ಬೀಳುತ್ತಿದ್ದುದು ಸುಮಾರು 29 ಕಿಲೋಮೀಟರಿಗೆ. ಪಠ್ಯಪುಸ್ತಕದ ‘ಗಾಳಿಯ ಘರ್ಷಣೆಯನ್ನು ಉಪೇಕ್ಷಿಸಿ’ ಎಂಬ ಸಾಲು ಎಷ್ಟು ದೊಡ್ಡ ಉಪೇಕ್ಷೆ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಇದು ಒಳ್ಳೆಯ ಉದಾಹರಣೆ.

ಜನರಲ್ ಬೋರ್ಡಿಗೆ ಫಿರಂಗಿಗಳು ಬೇಕಿದ್ದವು, ವೇಗ ಬೇಕಿತ್ತು, ದೂರದ ಪಯಣ ಬೇಕಿತ್ತು. ಈ ಮೂರನ್ನೂ ಕೊಟ್ಟ ಮೇಲೆ ಉಳಿದದ್ದಷ್ಟೇ ಕವಚಕ್ಕೆ. ಕೊನೆಗೆ ಒಪ್ಪಿದ ವಿನ್ಯಾಸದಲ್ಲಿ ಹತ್ತು 8 ಅಂಗುಲದ ಫಿರಂಗಿಗಳಿದ್ದವು. ಪಕ್ಕದ ಕವಚ 2.5ರಿಂದ 4 ಅಂಗುಲ, ಮೇಲ್ಹಾಸಿನ ಕವಚ ಹೆಚ್ಚೆಂದರೆ 1.75 ಅಂಗುಲ. ತನ್ನದೇ ಬಗೆಯ 8 ಅಂಗುಲದ ಗುಂಡನ್ನು ತಡೆಯಲು ಇದು ಸಾಲದು. ನಾವಿಕರು ಇಂಥ ಹಡಗುಗಳನ್ನು ‘ಟಿನ್‌ಕ್ಲಾಡ್’, ಅಂದರೆ ತಗಡು ಹೊದ್ದವು ಎಂದು ಹಂಗಿಸುತ್ತಿದ್ದರು.

ತೂಕದ ಪಟ್ಟಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಟ್ಟದ ಹಡಗಿನ ತೂಕವನ್ನು ತಿಳಿಯಲು ಇರುವುದು ಒಂದೇ ದಾರಿ. ಒಡಲು, ಯಂತ್ರ, ಕವಚ, ಫಿರಂಗಿ, ಮದ್ದುಗುಂಡು, ಸಾಮಾನು ಎಂದು ಪಟ್ಟಿ ಮಾಡಿ, ಪ್ರತಿಯೊಂದನ್ನೂ ಅಂದಾಜು ಮಾಡಿ ಕೂಡುವುದು. ಹಿಂದಿನ ಹಡಗುಗಳ ಅನುಭವ ಇದಕ್ಕೆ ಆಧಾರ. ಆದರೆ ಹಿಂದೆ ಯಾರೂ ಇಂಥ ಹಡಗನ್ನು ಕಟ್ಟಿರಲಿಲ್ಲ.

ಪ್ರತಿ ಅಂದಾಜಿನಲ್ಲೂ ದೋಷವಿರುತ್ತದೆ. ಉದಾಹರಣೆಗೆ ಐದು ಬಾಬುಗಳಿದ್ದು ಒಂದೊಂದರಲ್ಲೂ 100 ಟನ್ನಿನ ಅನಿಶ್ಚಿತತೆ ಇದೆ ಎಂದು ಊಹಿಸಿ. ಒಟ್ಟು ಅನಿಶ್ಚಿತತೆ ಎಷ್ಟು? ದೋಷಗಳು ಯಾದೃಚ್ಛಿಕವಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಬಂದರೆ ಕೆಲವು ಹೆಚ್ಚಾಗುತ್ತವೆ, ಕೆಲವು ಕಡಿಮೆಯಾಗುತ್ತವೆ, ಪರಸ್ಪರ ಭಾಗಶಃ ಅಳಿಸಿಹಾಕುತ್ತವೆ. ಆಗ ಒಟ್ಟು ದೋಷ 100 ಗುಣಿಸು 5ರ ವರ್ಗಮೂಲ, ಅಂದರೆ ಸುಮಾರು 224 ಟನ್. ಆದರೆ ಎಲ್ಲರೂ ಒಂದೇ ದಿಕ್ಕಿನಲ್ಲಿ ತಪ್ಪಿದರೆ? ಆಗ ದೋಷಗಳು ನೇರವಾಗಿ ಕೂಡಿಕೊಂಡು 500 ಟನ್ ಆಗುತ್ತವೆ. ಮೊದಲನೆಯದು ಯಾದೃಚ್ಛಿಕ ದೋಷ, ಎರಡನೆಯದು ವ್ಯವಸ್ಥಿತ ದೋಷ. ಬಿ.ಎಸ್ಸಿ. ಮೊದಲ ವರ್ಷದ ಪ್ರಯೋಗಶಾಲೆಯಲ್ಲಿ ನಾನು ಪ್ರತಿ ವರ್ಷ ಹೇಳುವ ಪಾಠವಿದು. ಪ್ರತಿ ವರ್ಷವೂ ಅರ್ಧ ತರಗತಿ ಇದನ್ನು ಪರೀಕ್ಷೆಗೆ ಬರೆಯಬೇಕಾದ ವ್ಯಾಖ್ಯಾನವೆಂದೇ ತಿಳಿಯುತ್ತದೆ.

ಅಮೆರಿಕದಲ್ಲಿ ನಡೆದದ್ದು ಎರಡನೆಯದು. ಮಿತಿ ಮೀರುವ ಭಯ ಎಲ್ಲರಿಗೂ ಇತ್ತು. ಆದ್ದರಿಂದ ಎಲ್ಲರೂ ಸುರಕ್ಷಿತ ದಿಕ್ಕಿನಲ್ಲೇ ತಪ್ಪಿದರು. ಒಡಲಿನ ಉಕ್ಕನ್ನು ಸಾಧ್ಯವಾದಷ್ಟು ಹಗುರ ಮಾಡಿದರು. ರಿವೆಟ್ ಹಾಕುವಾಗ ಎರಡು ತಗಡುಗಳು ಒಂದರ ಮೇಲೊಂದು ಬರಬೇಕು, ಬೆಸುಗೆಯಲ್ಲಿ ಆ ಹೆಚ್ಚುವರಿ ಬೇಡ. ಹಾಗಾಗಿ ಬೆಸುಗೆಯನ್ನು ಬಳಸತೊಡಗಿದರು. ಅಂದಾಜು ಮಾಡುವವರು ಎಚ್ಚರಿಕೆಯ ಅಂಚು ಬಿಟ್ಟರು, ಕಟ್ಟುವವರು ತಮ್ಮ ಪಾಲಿನ ಉಳಿತಾಯ ಮಾಡಿದರು.

1924ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಎಂಟು ಕ್ರೂಸರ್‌ಗಳಿಗೆ ಒಪ್ಪಿಗೆ ನೀಡಿತು. ಮೊದಲ ಎರಡು, ಪೆನ್ಸಕೋಲಾ ಮತ್ತು ‘ಸಾಲ್ಟ್ ಲೇಕ್ ಸಿಟಿ’. ಎರಡನೆಯದು 1929ರ ಡಿಸೆಂಬರಿನಲ್ಲಿ ಸೇವೆಗೆ ಬಂತು. ಪೆನ್ಸಕೋಲಾ ಸೇವೆಗೆ ಬಂದದ್ದು 1930ರ ಫೆಬ್ರವರಿ 6ರಂದು, ಒಪ್ಪಂದಕ್ಕೆ ಸಹಿ ಬಿದ್ದು ಸರಿಯಾಗಿ ಎಂಟು ವರ್ಷಕ್ಕೆ. ಆಗ ಸಮುದ್ರವೆಂಬ ತಕ್ಕಡಿ ಉತ್ತರ ಹೇಳಿತು. ಹಡಗಿನ ಪ್ರಮಾಣಿತ ತೂಕ ಸುಮಾರು 9,100 ಟನ್. ಮಿತಿಗಿಂತ 900 ಟನ್ ಕಡಿಮೆ!

900 ಟನ್ ಎಂದರೆ ಎಷ್ಟು? ಹಡಗಿನ ನಡುಭಾಗದಲ್ಲಿ 75 ಮೀಟರ್ ಉದ್ದ, 18 ಮೀಟರ್ ಅಗಲದ ಮೇಲ್ಹಾಸನ್ನು ಊಹಿಸಿ. ವಿಸ್ತೀರ್ಣ 1,350 ಚದರ ಮೀಟರ್. ಉಕ್ಕಿನ ಸಾಂದ್ರತೆ ಘನಮೀಟರಿಗೆ 7,850 ಕಿ.ಗ್ರಾಂ. 900 ಟನ್ ಉಕ್ಕನ್ನು ಅದರ ಮೇಲೆ ಸಮನಾಗಿ ಹಾಸಿದರೆ ದಪ್ಪ ಸುಮಾರು 8.6 ಸೆಂಟಿಮೀಟರ್ ಬರುತ್ತದೆ. ಅಲ್ಲಿ ನಿಜವಾಗಿ ಇದ್ದದ್ದು ಹೆಚ್ಚೆಂದರೆ 4.4 ಸೆಂಟಿಮೀಟರ್. ಇಷ್ಟೂ ತೂಕವನ್ನು ಮೇಲೆ ಹೇರಲು ಸಾಧ್ಯವಿರಲಿಲ್ಲ, ಏಕೆಂದರೆ ಗುರುತ್ವ ಕೇಂದ್ರ ಮೇಲೇರುತ್ತದೆ, ಅದನ್ನು ಹೊರುವ ಚೌಕಟ್ಟೂ ಬೇಕು. ಆದರೂ ಒಪ್ಪಂದ ಕೊಟ್ಟಿದ್ದ ರಕ್ಷಣೆಯ ದೊಡ್ಡ ಪಾಲು ಬಳಕೆಯಾಗದೆ ಉಳಿಯಿತು ಎಂಬುದು ನಿಜ.

ಪಾಠ ತಡವಾಗಿ ಬಂದದ್ದೇಕೆ?

ಮುಂದಿನ ಹಡಗುಗಳಲ್ಲಿ ಇದನ್ನು ಸರಿಪಡಿಸಬಹುದಿತ್ತಲ್ಲ ಎನ್ನುತ್ತೀರಿ. ಎರಡನೆಯ ತಂಡ ನಾರ್ಥಾಂಪ್ಟನ್ ವರ್ಗದ ಆರು ಹಡಗುಗಳು. ಅವುಗಳೂ ಮಿತಿಗಿಂತ ಸಾಕಷ್ಟು ಹಗುರವಾದವು. ಕಾರಣ ಸರಳ. ಆ ಆರೂ ಹಡಗುಗಳ ಕಟ್ಟೋಣ ಆರಂಭವಾದದ್ದು 1928ರಲ್ಲಿ. ಪೆನ್ಸಕೋಲಾ ಜೋಡಿ ನೀರಿಗಿಳಿದದ್ದು 1929ರಲ್ಲಿ. ಮೊದಲ ಪ್ರಯೋಗದ ಫಲಿತಾಂಶ ಕೈಗೆ ಬರುವ ಮೊದಲೇ ಎರಡನೆಯ ಪ್ರಯೋಗ ಶುರುವಾಗಿತ್ತು. ಇಲ್ಲಿ ಯಾರ ದಡ್ಡತನವೂ ಇಲ್ಲ. ಫಲಿತಾಂಶ ಬರಲು ತೆಗೆದುಕೊಳ್ಳುವ ಸಮಯ ನಿರ್ಧಾರದ ಸಮಯಕ್ಕಿಂತ ಹೆಚ್ಚಾದಾಗ ಎಲ್ಲ ಕ್ಷೇತ್ರಗಳಲ್ಲೂ ಹೀಗಾಗುತ್ತದೆ.

ಸಮುದ್ರದಲ್ಲಿ ಇನ್ನೂ ಎರಡು ದೋಷಗಳು ಕಂಡವು. ಮೊದಲನೆಯದು ಓಲಾಟ. ಹಡಗನ್ನು ಒಂದು ಲೋಲಕವೆಂದು ಭಾವಿಸಿ. ಅದು ವಾಲಿದಾಗ ಮತ್ತೆ ನೆಟ್ಟಗೆ ತರುವ ಬಲವನ್ನು ‘ಮೆಟಾಸೆಂಟರ್ ಎತ್ತರ’ ಎಂಬ ರಾಶಿ ನಿರ್ಧರಿಸುತ್ತದೆ. ಅದು ತೀರ ಕಡಿಮೆಯಾದರೆ ಹಡಗು ಮಗುಚುವ ಅಪಾಯ. ಹೆಚ್ಚಾದರೆ ಹಡಗು ಬಿರುಸಾಗಿ, ಚುರುಕಾಗಿ ಓಲಾಡುತ್ತದೆ, ಗುರಿ ಹಿಡಿಯಲು ಆಗುವುದಿಲ್ಲ. ಓಲಾಟದ ಅವಧಿ ಈ ಎತ್ತರದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಎತ್ತರ 1 ಮೀಟರ್ ಇದ್ದಾಗ 16 ಸೆಕೆಂಡಿಗೊಮ್ಮೆ ಓಲುವ ಹಡಗು, ಅದು 1.5 ಮೀಟರ್ ಆದಾಗ 13 ಸೆಕೆಂಡಿಗೊಮ್ಮೆ ಓಲುತ್ತದೆ. ಆದ್ದರಿಂದ ಎಷ್ಟು ತೂಕ ಉಳಿಯಿತು ಎಂಬುದರಷ್ಟೇ, ಅದು ಹಡಗಿನ ಯಾವ ಎತ್ತರದಲ್ಲಿ ಉಳಿಯಿತು ಎಂಬುದೂ ಮುಖ್ಯ. ಈ ಹಡಗುಗಳು ವಿಪರೀತ ಓಲಾಡುತ್ತಿದ್ದವು. ಒಡಲಿನ ಕೆಳಬದಿಯಲ್ಲಿ ಉದ್ದಕ್ಕೂ ಇರುವ ರೆಕ್ಕೆಯಂಥ ಪಟ್ಟಿಗಳನ್ನು ದೊಡ್ಡದು ಮಾಡಿ ಆಂದೋಲನವನ್ನು ತಗ್ಗಿಸಬೇಕಾಯಿತು.

ಎರಡನೆಯದು ಗುಂಡುಗಳ ಚೆದರುವಿಕೆ. ತೂಕ ಉಳಿಸಲೆಂದು ಒಂದು ಗೋಪುರದ ಎಲ್ಲ ಫಿರಂಗಿಗಳನ್ನೂ ಒಂದೇ ತೊಟ್ಟಿಲಲ್ಲಿ ಒತ್ತೊತ್ತಾಗಿ ಜೋಡಿಸಿದ್ದರು. ಒಟ್ಟಿಗೆ ಹಾರಿದ ಗುಂಡುಗಳು ಒಂದು ಇನ್ನೊಂದರ ಸುತ್ತಲಿನ ಗಾಳಿಯನ್ನು ಕಲಕಿ ದಾರಿ ತಪ್ಪುತ್ತಿದ್ದವು. ಪಕ್ಕಪಕ್ಕದ ಫಿರಂಗಿಗಳು ಸೆಕೆಂಡಿನ ಕೆಲವೇ ನೂರನೇ ಭಾಗದ ಅಂತರದಲ್ಲಿ ಸಿಡಿಯುವಂತೆ ವಿದ್ಯುತ್ ಮಂಡಲದಲ್ಲಿ ವಿಳಂಬ ಸುರುಳಿ ಅಳವಡಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಸೆಕೆಂಡಿಗೆ 853 ಮೀಟರ್ ವೇಗದ ಗುಂಡಿಗೆ ಆರು ನೂರನೇ ಸೆಕೆಂಡ್ ಎಂದರೆ 51 ಮೀಟರ್ ಮುನ್ನಡೆ. ಅಷ್ಟು ಅಂತರ ಸಾಕಿತ್ತು.

1930ರ ದಶಕದ ನ್ಯೂ ಆರ್ಲಿಯನ್ಸ್ ವರ್ಗದಲ್ಲಿ ಪಾಠ ಪೂರ್ತಿ ಕಲಿತಂತಾಯಿತು. ಹಡಗಿನ ಉದ್ದವನ್ನು ತುಸು ಕಡಿಮೆ ಮಾಡಿ, ಉಳಿದ ತೂಕವನ್ನು ಕವಚಕ್ಕೆ ಕೊಟ್ಟು, ಪಕ್ಕದ ರಕ್ಷಣೆಯನ್ನು 5 ಅಂಗುಲಕ್ಕೆ ಏರಿಸಿದರು. ತೂಕ ಮಿತಿಯ ಆಸುಪಾಸಿಗೆ ಬಂತು. ಹತ್ತು ವರ್ಷ ಹಿಂದೆ ಕಾಗದದ ಮೇಲೆ ಸಾಧ್ಯವೇ ಇಲ್ಲ ಎನಿಸಿದ್ದ ಹಡಗು ಅದೇ 10,000 ಟನ್ನಿನಲ್ಲಿ ಸಾಧ್ಯವಾಯಿತು. ಈ ನಡುವೆ 1930ರ ಲಂಡನ್ ಒಪ್ಪಂದ ಅಮೆರಿಕದ 8 ಅಂಗುಲದ ಕ್ರೂಸರ್‌ಗಳಿಗೆ 18ರ ಸಂಖ್ಯಾಮಿತಿ ಹಾಕಿತು. ಆಗ ಹುಟ್ಟಿದ್ದು ಹದಿನೈದು 6 ಅಂಗುಲದ ಫಿರಂಗಿಗಳ ಬ್ರೂಕ್ಲಿನ್ ವರ್ಗ.

ಇನ್ನೊಂದು ದಿಕ್ಕಿನ ತಪ್ಪು

ಎಲ್ಲರೂ ಹಗುರದ ಕಡೆಗೇ ತಪ್ಪಲಿಲ್ಲ. ಜಪಾನಿನ ಮ್ಯೋಕೊ ವರ್ಗ ಮತ್ತು ಇಟಲಿಯ ಜ಼ಾರಾ ವರ್ಗದ ಹಡಗುಗಳು 10,000 ಟನ್ ಮೀರಿದ್ದವು. ಜಪಾನ್ ‘ಮೊಗಾಮಿ’ಯ ತೂಕ 8,500 ಟನ್ ಎಂದು ಘೋಷಿಸಿ, ಅಷ್ಟು ತೂಕಕ್ಕೆ ಹಿಡಿಸಲಾಗದಷ್ಟು ಶಸ್ತ್ರವನ್ನು ಅದರ ಮೇಲೆ ಹೇರಿತು. 1934ರ ಮಾರ್ಚಿನಲ್ಲಿ ಜಪಾನಿನದೇ ‘ತೊಮೊಜ಼ುರು’ ಎಂಬ ಚಿಕ್ಕ ಟಾರ್ಪಿಡೊ ದೋಣಿ ಬಿರುಗಾಳಿಯಲ್ಲಿ ಮಗುಚಿತು. ಮೇಲ್ಭಾಗದಲ್ಲಿ ಅತಿಯಾದ ತೂಕವೇ ಕಾರಣ. 1935ರ ಸೆಪ್ಟೆಂಬರಿನಲ್ಲಿ ಚಂಡಮಾರುತಕ್ಕೆ ಸಿಕ್ಕಿದ ಜಪಾನೀ ಹಡಗುಪಡೆಯಲ್ಲಿ ಎರಡು ಡೆಸ್ಟ್ರಾಯರ್‌ಗಳ ಮೂತಿಯೇ ಮುರಿದುಹೋಯಿತು, ಮೊಗಾಮಿಯ ಒಡಲಿಗೂ ಹಾನಿಯಾಯಿತು. ಅನೇಕ ಹಡಗುಗಳನ್ನು ಬಿಚ್ಚಿ ಬಲಪಡಿಸಬೇಕಾಯಿತು. ಘೋಷಣೆಯಲ್ಲಿ ಯಾವ ಸಂಖ್ಯೆ ಬೇಕಾದರೂ ಬರೆಯಬಹುದು. ಅಲೆಗಳು ನಿಜವಾದ ದ್ರವ್ಯರಾಶಿಯ ಮೇಲೆಯೇ ವರ್ತಿಸುತ್ತವೆ. 1936ರ ಕೊನೆಗೆ ವಾಷಿಂಗ್ಟನ್ ಒಪ್ಪಂದವೇ ಮುಗಿಯಿತು.

ಯುದ್ಧದ ಉತ್ತರ

ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಅದರ ಬಳಿ ಇದ್ದ 8 ಅಂಗುಲದ ಕ್ರೂಸರ್‌ಗಳು ಸರಿಯಾಗಿ 18. ಅವುಗಳಲ್ಲಿ ಏಳು ಮುಳುಗಿದವು. ಹಾಗಾದರೆ ಆ 900 ಟನ್ ಕವಚ ಇದ್ದಿದ್ದರೆ ಅವು ಉಳಿಯುತ್ತಿದ್ದವೆ? ಇಲ್ಲಿ ನಾವು ಅವಸರದ ತೀರ್ಮಾನಕ್ಕೆ ಬರಬಾರದು.

1942ರ ಆಗಸ್ಟ್ 9ರ ರಾತ್ರಿ ಸಾವೊ ದ್ವೀಪದ ಬಳಿ ಮುಳುಗಿದ ಮೂರು ಅಮೆರಿಕನ್ ಕ್ರೂಸರ್‌ಗಳು ಕ್ವಿನ್ಸಿ, ವಿನ್ಸೆನ್ಸ್ ಮತ್ತು ಅಸ್ಟೋರಿಯಾ. ಮೂರೂ ಉತ್ತಮ ಕವಚದ ನ್ಯೂ ಆರ್ಲಿಯನ್ಸ್ ವರ್ಗದವು. ಆಸ್ಟ್ರೇಲಿಯಾದ ಕ್ರೂಸರ್ ಕ್ಯಾನ್‌ಬೆರಾ ಕೂಡ ಅಂದು ನಾಶವಾಯಿತು. ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಹ್ಯೂಸ್ಟನ್, ನಾರ್ಥಾಂಪ್ಟನ್, ಷಿಕಾಗೊ, ಇಂಡಿಯಾನಾಪೊಲಿಸ್ ನಾಲ್ಕಕ್ಕೂ ಟಾರ್ಪಿಡೊ ಬಡಿದಿತ್ತು. ನೀರಿನ ಅಡಿಯ ಸ್ಫೋಟದ ಎದುರು ಮೇಲ್ಹಾಸಿನ ಕವಚ ಏನೂ ಮಾಡದು. ಅದಕ್ಕೆ ಬೇಕಾದ ಅಗಲವಾದ ರಕ್ಷಣಾ ಕೋಣೆಗಳಿಗೆ 10,000 ಟನ್ನಿನ ಹಡಗಿನಲ್ಲಿ ಜಾಗವಿರಲಿಲ್ಲ. ಅತ್ಯಂತ ದೋಷಪೂರ್ಣ ಎನಿಸಿಕೊಂಡ ಮೊದಲ ಜೋಡಿಯೇ ಯುದ್ಧದಿಂದ ಹಿಂದಿರುಗಿತು. ಪೆನ್ಸಕೋಲಾ 1942ರ ನವೆಂಬರಿನಲ್ಲಿ ಟಾರ್ಪಿಡೊ ತಿಂದು, ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡರೂ ತೇಲಿತು. ಸಾಲ್ಟ್ ಲೇಕ್ ಸಿಟಿ 1943ರ ಮಾರ್ಚಿನಲ್ಲಿ ಕೊಮಂಡೋರ್ಸ್ಕಿ ದ್ವೀಪಗಳ ಬಳಿ ತೈಲಕ್ಕೆ ಸಮುದ್ರದ ನೀರು ಸೇರಿ ಬಾಯ್ಲರುಗಳು ಆರಿ, ನಡುಗಡಲಿನಲ್ಲಿ ನಿಂತುಹೋಗಿ, ಮತ್ತೆ ಹೊತ್ತಿಸಿಕೊಂಡು ಪಾರಾಯಿತು.

ಎರಡೂ ಹಡಗುಗಳು ಕೊನೆಗೆ ಭೌತವಿಜ್ಞಾನದ ಪ್ರಯೋಗಕ್ಕೇ ಒದಗಿದವು. 1946ರ ಜುಲೈನಲ್ಲಿ ಬಿಕಿನಿ ಹವಳದ್ವೀಪದಲ್ಲಿ ನಡೆದ ಎರಡು ಪರಮಾಣು ಬಾಂಬ್ ಪರೀಕ್ಷೆಗಳಲ್ಲಿ ಇವನ್ನು ಗುರಿ ಹಡಗುಗಳಾಗಿ ನಿಲ್ಲಿಸಿದ್ದರು. ಎರಡು ಸ್ಫೋಟಗಳ ನಂತರವೂ ಅವು ತೇಲುತ್ತಿದ್ದವು. 1948ರಲ್ಲಿ ಅವನ್ನು ಸಮುದ್ರದಲ್ಲಿ ಮುಳುಗಿಸಲಾಯಿತು.

ಆದ್ದರಿಂದ 900 ಟನ್ನಿನ ತಪ್ಪು ಯಾರ ಪ್ರಾಣ ತೆಗೆಯಿತು, ಯಾರದನ್ನು ತೆಗೆಯಲಿಲ್ಲ ಎಂದು ಹೇಳಲು ಸಾಧ್ಯವಿಲ್ಲ. ಹೇಳಬಹುದಾದದ್ದು ಇಷ್ಟು. ಪ್ರತಿ ಮೇಜಿನಲ್ಲೂ ಒಬ್ಬೊಬ್ಬರು ಜಾಣತನದಿಂದ, ಪ್ರಾಮಾಣಿಕವಾಗಿ ಬಿಟ್ಟ ಸುರಕ್ಷತೆಯ ಅಂಚುಗಳು ಒಟ್ಟು ಸೇರಿದಾಗ ಯಾರೂ ಬಯಸದ ಹಡಗು ಆಯಿತು. ಅಂದಾಜಿನಲ್ಲಿ ಎಚ್ಚರಿಕೆ ಬೇಕು. ಆದರೆ ಆ ಎಚ್ಚರಿಕೆ ಎಷ್ಟು ಎಂಬುದನ್ನೂ ಬರೆದಿಡಬೇಕು, ಕೂಡಿಸಿ ನೋಡಬೇಕು.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಮಾಡಿ ನೋಡಬಹುದು. ರಟ್ಟು, ಅಂಟು, ಬೆಂಕಿಕಡ್ಡಿ, ಮೇಣ ಕೊಟ್ಟು 200 ಗ್ರಾಂ ಮೀರದ ದೋಣಿಯೊಂದನ್ನು ಮಾಡಲು ಹೇಳಿ. ಮೀರಿದ ಗುಂಪಿಗೆ ಅಂಕವಿಲ್ಲ, ಹೆಚ್ಚು ಭಾರ ಹೊತ್ತು ತೇಲುವ ದೋಣಿಗೆ ಬಹುಮಾನ. ಕಟ್ಟುವ ಮೊದಲು ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಪಾಲಿನ ಭಾಗದ ತೂಕವನ್ನು ಅಂದಾಜು ಮಾಡಿ ಚೀಟಿಯಲ್ಲಿ ಬರೆಯಲಿ. ಕೊನೆಗೆ ದೋಣಿಗಳನ್ನು ತಕ್ಕಡಿಗೆ ಹಾಕಿ, ಚೀಟಿಗಳನ್ನು ಕೂಡಿಸಿ, ವ್ಯತ್ಯಾಸವನ್ನು ಕರಿಹಲಗೆಯ ಮೇಲೆ ಬರೆಯಿರಿ. ವ್ಯತ್ಯಾಸಗಳು ಎರಡೂ ಕಡೆಗೆ ಹರಡಿವೆಯೋ, ಎಲ್ಲವೂ ಒಂದೇ ಕಡೆಗೆ ವಾಲಿವೆಯೋ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಎಲ್ಲವೂ 200 ಗ್ರಾಮಿಗಿಂತ ಕಡಿಮೆಯ ಕಡೆಗೇ ವಾಲಿದ್ದರೆ, ಈ ಎರಡು ಹಡಗುಗಳ ಕಥೆಯನ್ನು ಅವರಿಗೆ ಹೇಳಬಹುದು.